ಡಿಸ್ನಿ ಪಾರ್ಕ್‌ಗಳ ಡಿಎಎಸ್ ಸೌಲಭ್ಯ: ಹೊಸ ನಿಯಮದಲ್ಲಿ ನೋಂದಣಿ ಹೇಗೆ, ಎಲ್ಲೆಲ್ಲಿ ಎಡವುತ್ತೇವೆ

ಆಟಿಸಂ ಇರುವ ಮಗುವನ್ನು ಫ್ಲೋರಿಡಾದ ಒರ್ಲಾಂಡೊದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೋ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ಗೋ ಕರೆದೊಯ್ಯುವ ಕನ್ನಡ ಕುಟುಂಬಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮುಗ್ಗರಿಸುತ್ತಿವೆ. ವಿಮಾನದ ಟಿಕೆಟ್ ಆಗಿರುತ್ತದೆ, ಹೋಟೆಲ್ ಆಗಿರುತ್ತದೆ, ಪಾರ್ಕ್ ಬಾಗಿಲಿಗೆ ಬಂದ ಮೇಲೆ ‘ಡಿಸಬಿಲಿಟಿ ಆ್ಯಕ್ಸೆಸ್ ಸರ್ವಿಸ್’ (ಎಲ್ಲರ ಬಾಯಲ್ಲೂ ಡಿಎಎಸ್; ಸಾಲಿನೊಳಗೆ ನಿಲ್ಲದೆ ಹೊರಗೆ ಕಾಯ್ದು, ಕೊಟ್ಟ ಸಮಯಕ್ಕೆ ಆಟಕ್ಕೆ ಹೋಗುವ ಸೌಲಭ್ಯ) ಕೇಳುತ್ತಾರೆ. ಅಲ್ಲಿ ‘ಮೊದಲು ವಿಡಿಯೊ ಚಾಟ್ ಮಾಡಿ’ ಎನ್ನುತ್ತಾರೆ. ಗೇಟಿನ ಬಳಿ ನಿಂತು, ಅಳುವ ಮಗುವನ್ನು ಎತ್ತಿಕೊಂಡು, ಮೊಬೈಲ್‌ನಲ್ಲಿ ಚಾಟ್ ಮಾಡುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಎಷ್ಟೋ ಸಲ ಉತ್ತರವೂ ‘ಇಲ್ಲ’ ಎಂದೇ ಬರುತ್ತದೆ.

ನಿಯಮ ಬದಲಾದದ್ದು 2024ರಲ್ಲಿ: ಫ್ಲೋರಿಡಾದಲ್ಲಿ ಮೇ 20ರಿಂದ, ಕ್ಯಾಲಿಫೋರ್ನಿಯಾದಲ್ಲಿ ಜೂನ್ 18ರಿಂದ. ಅದಕ್ಕಿಂತ ಮೊದಲು ಹೋಗಿಬಂದವರ ಸಲಹೆ ಈಗ ಉಪಯೋಗಕ್ಕೆ ಬರುವುದಿಲ್ಲ. ‘ನಾವು ಹೋದಾಗ ಕೇಳಿದ ತಕ್ಷಣ ಕೊಟ್ಟರು’ ಎಂದು ನೆಂಟರು ಹೇಳಿದರೆ ಯಾವ ವರ್ಷದ ಮಾತು ಎಂದು ಮೊದಲು ವಿಚಾರಿಸಿ.

## ಹಂತ 1: ಮನೆಯವರಲ್ಲಿ ಯಾರಿಗೆ ಏನು ಬೇಕು ಎಂದು ಬಿಡಿಸಿಕೊಳ್ಳಿ

ಈಗಿನ ಡಿಎಎಸ್ ಎಲ್ಲ ಅಂಗವೈಕಲ್ಯಗಳಿಗೂ ಸಿಗುವ ಸೌಲಭ್ಯವಲ್ಲ. ಆಟಿಸಂ ಅಥವಾ ಅದನ್ನು ಹೋಲುವ ಬೆಳವಣಿಗೆಯ ಸಮಸ್ಯೆಯ ಕಾರಣದಿಂದ ಮಾಮೂಲಿ ಸಾಲಿನಲ್ಲಿ ಹೆಚ್ಚು ಹೊತ್ತು ಕಾಯಲಾಗದವರಿಗೆ ಮಾತ್ರ ಎಂದು ಡಿಸ್ನಿ ಹೇಳುತ್ತದೆ. ಮಂಡಿನೋವು, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಪದೇಪದೇ ಶೌಚಕ್ಕೆ ಹೋಗಬೇಕಾದ ಕರುಳಿನ ಸಮಸ್ಯೆ ಇವೆಲ್ಲಕ್ಕೂ ಬೇರೆ ಬೇರೆ ದಾರಿ ಇಟ್ಟಿದ್ದಾರೆ. ಕರುಳಿನ ಕಾಯಿಲೆ ಇರುವವರ ವಿಷಯದಲ್ಲಿ ಈ ಗೆರೆ ತೀರಾ ಬಿಗಿಯಾಯಿತು ಎಂಬುದು ನಮ್ಮ ಅಭಿಪ್ರಾಯ. ಆದರೆ ಚಾಟ್‌ನಲ್ಲಿ ವಾದ ಮಾಡಿ ಆ ಗೆರೆಯನ್ನು ಸರಿಸಲಾಗುವುದಿಲ್ಲ. ಅವರಿಗೆ ಇರುವ ದಾರಿಯನ್ನು ಚೆನ್ನಾಗಿ ಬಳಸಿಕೊಳ್ಳುವುದೇ ಮೇಲು.

ನಡೆಯಲು, ನಿಲ್ಲಲು ಆಗದ ಅಜ್ಜಿ-ತಾತ: ವೀಲ್‌ಚೇರ್ ಅಥವಾ ಬ್ಯಾಟರಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಿ. ಡಿಸ್ನಿ ವರ್ಲ್ಡ್‌ನ ಬಹುಪಾಲು ಸಾಲುಗಳಲ್ಲಿ ವೀಲ್‌ಚೇರ್ ಸಮೇತ ಹೋಗಬಹುದು. ವೀಲ್‌ಚೇರ್ ಇದೆ ಎಂದು ಬೇಗ ಒಳಗೆ ಬಿಡುವುದಿಲ್ಲ, ಕಾಯುವ ಹೊತ್ತು ಎಲ್ಲರಿಗೂ ಒಂದೇ. ಡಿಸ್ನಿಲ್ಯಾಂಡ್‌ನ ಕೆಲವು ಹಳೆಯ ಆಟಗಳ ಸಾಲು ಇಕ್ಕಟ್ಟು, ಕುರ್ಚಿ ನುಗ್ಗುವುದಿಲ್ಲ. ಅಂಥಲ್ಲಿ ಪ್ರವೇಶದ ಹತ್ತಿರವೇ ‘ಇಷ್ಟು ಗಂಟೆಗೆ ಬನ್ನಿ’ ಎಂದು ಸಮಯ ಬರೆದುಕೊಡುತ್ತಾರೆ. ಇದಕ್ಕೆ ‘ಲೊಕೇಶನ್ ರಿಟರ್ನ್ ಟೈಮ್’ ಎಂದು ಹೆಸರು, ಮುಂಗಡ ನೋಂದಣಿಯೇನೂ ಬೇಡ. ಪಾರ್ಕ್‌ನ ಸ್ಕೂಟರ್ ಓಡಿಸಲು 18 ವರ್ಷ ತುಂಬಿರಬೇಕು. ಬೆಳಗ್ಗೆ ತಡವಾಗಿ ಹೋದರೆ ಸ್ಕೂಟರ್‌ಗಳು ಖಾಲಿಯಾಗಿರುತ್ತವೆ.

ಸಾಲಿನ ನಡುವೆ ಹೊರಗೆ ಹೋಗಬೇಕಾಗುವವರು: ‘ಕ್ಯೂ ರೀ-ಎಂಟ್ರಿ’ ಕೇಳಿ. ಉಳಿದವರು ಸಾಲಿನಲ್ಲೇ ಇರುತ್ತಾರೆ, ಒಬ್ಬರು ಹೊರಗೆ ಹೋಗಿ ಬಂದು ಸೇರಿಕೊಳ್ಳುತ್ತಾರೆ. ಸಾಲಿಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಹೇಳಿಡಬೇಕು, ಎಲ್ಲರೂ ಮರೆಯುವುದು ಇದನ್ನೇ. ನಡುವಿನಿಂದ ಎದ್ದು ಹೋದವರು ಹಿಂತಿರುಗಿ ಜನರನ್ನು ತಳ್ಳಿಕೊಂಡು ಬಂದರೆ ಜಗಳವಾಗುತ್ತದೆ. ಇಬ್ಬರೇ ಬಂದಿದ್ದು, ಇಬ್ಬರೂ ಒಟ್ಟಿಗೇ ಹೊರಗೆ ಹೋಗಬೇಕಾದ ಪರಿಸ್ಥಿತಿಯಿದ್ದರೆ ಅದನ್ನೂ ಆಗಲೇ ಹೇಳಿ.

ಆಟಕ್ಕೆ ಬೇಕಾದ ಎತ್ತರವಿಲ್ಲದ ಮಗು, ಅಥವಾ ಹತ್ತಲು ಒಲ್ಲೆನೆನ್ನುವ ಮಗು: ‘ರೈಡರ್ ಸ್ವಿಚ್’. ಒಬ್ಬರು ಮಗುವನ್ನು ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಆಡಿ ಬರುತ್ತಾರೆ, ಆಮೇಲೆ ಅದಲುಬದಲು. ಎರಡನೆಯವರು ಪೂರ್ತಿ ಸಾಲು ಮತ್ತೆ ನಿಲ್ಲಬೇಕಿಲ್ಲ. ಡಿಎಎಸ್ ಸಿಕ್ಕಿದರೂ ಎತ್ತರದ ನಿಯಮ ಸಡಿಲವಾಗುವುದಿಲ್ಲ. ಫ್ಲೋರಿಡಾದ ಸ್ಪೇಸ್ ಮೌಂಟನ್‌ಗೆ 44 ಇಂಚು (112 ಸೆಂ.ಮೀ.), ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್‌ಗೆ 38 ಇಂಚು (97 ಸೆಂ.ಮೀ.) ಇರಲೇಬೇಕು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಕೊಂಡು ಹೋಗಿ.

ಸ್ಟ್ರೋಲರ್‌ನಲ್ಲಿ ಕೂತರೆ ಮಾತ್ರ ಸಮಾಧಾನವಾಗಿರುವ ದೊಡ್ಡ ಮಗು: ಪಾರ್ಕ್‌ನ ಸಹಾಯ ಕೇಂದ್ರವಾದ ಗೆಸ್ಟ್ ರಿಲೇಶನ್ಸ್‌ನಲ್ಲಿ ‘ಸ್ಟ್ರೋಲರ್ ಆ್ಯಸ್ ವೀಲ್‌ಚೇರ್’ ಟ್ಯಾಗ್ ಕೇಳಿ. ಅದನ್ನು ಕಟ್ಟಿದರೆ ವೀಲ್‌ಚೇರ್ ಹೋಗುವ ಕಡೆಗೆಲ್ಲ ಸ್ಟ್ರೋಲರ್ ಒಯ್ಯಬಹುದು. ಗಾತ್ರ 31 ಇಂಚು ಅಗಲ, 52 ಇಂಚು ಉದ್ದ ಮೀರಬಾರದು. ಎಳೆದುಕೊಂಡು ಹೋಗುವ ವ್ಯಾಗನ್ ಗಾಡಿಗಳಿಗೆ ಒಳಗೆ ಪ್ರವೇಶವಿಲ್ಲ.

ಅಜ್ಜಿಯ ಮಂಡಿನೋವು, ಅಪ್ಪನ ಬೆನ್ನುನೋವು, ಮಗುವಿನ ಆಟಿಸಂ ಎಲ್ಲವನ್ನೂ ಒಂದೇ ಚಾಟ್‌ನಲ್ಲಿ ಸುರಿಯಬೇಡಿ. ಮಾತು ಹಳಿ ತಪ್ಪಿ ಮಗುವಿನ ವಿಷಯ ಹಿಂದೆ ಬೀಳುತ್ತದೆ. ಡಿಎಎಸ್ ಚಾಟ್ ಮಗುವಿಗೆ ಮಾತ್ರ ಮೀಸಲಿರಲಿ.

## ಹಂತ 2: ಖಾತೆ, ಆಮೇಲೆ ಮನೆಯವರು, ಆಮೇಲೆ ಟಿಕೆಟ್

ಈ ಕ್ರಮ ತಲೆಕೆಳಗಾದರೆ ಚಾಟ್ ಮುಗಿದರೂ ಸೌಲಭ್ಯ ನಿಮ್ಮ ಆ್ಯಪ್‌ನಲ್ಲಿ ಕಾಣುವುದಿಲ್ಲ.

1. ಮನೆಯ ದೊಡ್ಡವರೊಬ್ಬರ ಹೆಸರಲ್ಲಿ ಡಿಸ್ನಿ ಖಾತೆ ತೆರೆಯಿರಿ. ಫ್ಲೋರಿಡಾಕ್ಕೆ ‘ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್’ ಆ್ಯಪ್, ಕ್ಯಾಲಿಫೋರ್ನಿಯಾಕ್ಕೆ ‘ಡಿಸ್ನಿಲ್ಯಾಂಡ್’ ಆ್ಯಪ್. ಲಾಗಿನ್ ಒಂದೇ ಆಗಿದ್ದರೂ ಡಿಎಎಸ್ ನೋಂದಣಿ ಎರಡು ಕಡೆಗೂ ಬೇರೆ ಬೇರೆ. ಒರ್ಲಾಂಡೊದಲ್ಲಿ ಸಿಕ್ಕಿದ್ದು ಡಿಸ್ನಿಲ್ಯಾಂಡ್ ಇರುವ ಅನಾಹೈಮ್‌ನಲ್ಲಿ ನಡೆಯುವುದಿಲ್ಲ.

2. ಜೊತೆಗೆ ಬರುವ ಪ್ರತಿಯೊಬ್ಬರನ್ನೂ ‘ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್’ ಪಟ್ಟಿಗೆ ಸೇರಿಸಿ. ಹೆಸರಿನಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ, ತಂದೆಯ ಹೆಸರು ಇನ್ನೊಂದು ಕಡೆ ಬರೆಯುವ ರೂಢಿ. ಖಾತೆಯಲ್ಲಿ ‘ಎಸ್’, ಟಿಕೆಟ್‌ನಲ್ಲಿ ‘ಶ್ರೀನಿವಾಸ್’ ಎಂದಿದ್ದರೆ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ಎಲ್ಲ ಕಡೆಯೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಬರೆಯಿರಿ.

3. ಟಿಕೆಟ್‌ಗಳನ್ನು ಆಯಾ ಹೆಸರಿಗೆ ಜೋಡಿಸಿ. ಬೇರೆ ಮಾರಾಟಗಾರರಿಂದ ಕೊಂಡದ್ದಾದರೆ ದೃಢೀಕರಣ ಸಂಖ್ಯೆ ಹಾಕಿ ನೀವೇ ಜೋಡಿಸಬೇಕು. ಜೋಡಣೆಯಾದ ಟಿಕೆಟ್ ಆ್ಯಪ್‌ನಲ್ಲಿ ಕಾಣುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಗುಂಪಿನ ಗಾತ್ರ ನಮ್ಮವರಿಗೆ ದೊಡ್ಡ ತಲೆನೋವು. ಸೌಲಭ್ಯ ಪಡೆದವರೂ ಸೇರಿ 4 ಮಂದಿ ಎಂಬುದು ಮೂಲ ಲೆಕ್ಕ. ಸ್ವಂತ ಕುಟುಂಬ ಅದಕ್ಕಿಂತ ದೊಡ್ಡದಿದ್ದರೆ ಚಾಟ್‌ನಲ್ಲೇ ಒಬ್ಬೊಬ್ಬರ ಸಂಬಂಧವನ್ನೂ ಹೇಳಿ ಸೇರಿಸಿಕೊಳ್ಳಲು ಕೇಳಿ. ಚಿಕ್ಕಪ್ಪನ ಮನೆಯವರು, ಪಕ್ಕದ ಅಪಾರ್ಟ್‌ಮೆಂಟಿನ ಗೆಳೆಯರು ಎಲ್ಲರೂ ಇದರಲ್ಲೇ ಬರಬಹುದು ಎಂದು ಭರವಸೆ ಕೊಟ್ಟು ಕರೆದೊಯ್ಯಬೇಡಿ. ಅವರಿಗೆ ‘ಲೈಟ್ನಿಂಗ್ ಲೇನ್’ (ಬೇಗ ಸಾಗುವ ಬೇರೆ ಸಾಲು) ಪಾಸನ್ನು ದುಡ್ಡು ಕೊಟ್ಟು ಕೊಳ್ಳುವ ದಾರಿಯಿದೆ.

## ಹಂತ 3: ಚಾಟ್‌ಗೆ ಮೊದಲು ಒಂದು ಹಾಳೆ ಬರೆದಿಟ್ಟುಕೊಳ್ಳಿ

ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ನಮ್ಮ ಕಡೆಯ ತಂದೆ-ತಾಯಿ ಫೈಲು ಹಿಡಿದು ಕೂರುತ್ತಾರೆ: ನಿಮ್ಹಾನ್ಸ್ ವರದಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ವರದಿ, ಯುಡಿಐಡಿ ಕಾರ್ಡ್. ಡಿಸ್ನಿಯವರು ಕಾಗದ ಪತ್ರ ಕೇಳುವುದಿಲ್ಲ. ತೋರಿಸಲು ಹೋದರೂ ಅದರ ಮೇಲೆ ತೀರ್ಮಾನ ಮಾಡುವುದಿಲ್ಲ. ಸಾಲಿನಲ್ಲಿ ನಿಂತಾಗ ಏನಾಗುತ್ತದೆ ಎಂಬ ಒಂದೇ ವಿಷಯ ಅವರಿಗೆ ಬೇಕು. ಸರ್ಕಾರಿ ಕಚೇರಿಯಲ್ಲಿ ಕಾಯಿಲೆಯ ಹೆಸರು ಮತ್ತು ಶೇಕಡಾವಾರು ಹೇಳಿ ಕೆಲಸ ಮಾಡಿಸಿಕೊಂಡು ರೂಢಿಯಾದ ನಮಗೆ ಇದು ವಿಚಿತ್ರ ಎನಿಸುತ್ತದೆ.

ಸೋಲುವ ಉತ್ತರ ಹೀಗಿರುತ್ತದೆ: ‘ಅವನಿಗೆ ಆಟಿಸಂ ಇದೆ. ಡಾಕ್ಟರ್ ಸರ್ಟಿಫಿಕೇಟ್ ಇದೆ. ಅವನಿಗೆ ಸಾಲು ಕಷ್ಟ.’

ಕೆಲಸಕ್ಕೆ ಬರುವ ಉತ್ತರ ಹೀಗೆ: ‘ಅವನಿಗೆ ಎಂಟು ವರ್ಷ, ಆಟಿಸಂ ಇದೆ. ಸುತ್ತ ಜನ ಒತ್ತಿ ನಿಂತರೆ ಹತ್ತು ನಿಮಿಷದೊಳಗೆ ಕೈ ಕಚ್ಚಿಕೊಳ್ಳಲು ಶುರು ಮಾಡುತ್ತಾನೆ. ಆಮೇಲೆ ನೆಲಕ್ಕೆ ಬಿದ್ದು ತಲೆ ಬಡಿದುಕೊಳ್ಳುತ್ತಾನೆ, ಅಥವಾ ಹಗ್ಗದ ಕೆಳಗೆ ನುಸುಳಿ ಓಡುತ್ತಾನೆ. ಹೆಡ್‌ಫೋನ್ ಹಾಕುತ್ತೇವೆ, ಟ್ಯಾಬ್ ಕೊಡುತ್ತೇವೆ. ಅದರಿಂದ ಇನ್ನು ಐದು ನಿಮಿಷ ಸಿಗಬಹುದು ಅಷ್ಟೆ. ಸಾಲಿನಿಂದ ಹೊರಗೆ ಕರೆದೊಯ್ದರೆ ಮತ್ತೆ ಅದೇ ಸಾಲಿಗೆ ಬರುವುದೇ ಇಲ್ಲ.’

ಎರಡನೆಯದರಲ್ಲಿ ಎಷ್ಟು ನಿಮಿಷ, ಮೊದಲು ಏನಾಗುತ್ತದೆ, ಆಮೇಲೆ ಏನಾಗುತ್ತದೆ, ನೀವು ಏನು ಮಾಡಿ ನೋಡಿದ್ದೀರಿ ಎಂಬುದೆಲ್ಲ ಇದೆ. ಕೊನೆಯ ವಾಕ್ಯ ಎಲ್ಲಕ್ಕಿಂತ ಮುಖ್ಯ. ‘ಬೇಕಾದಾಗ ಹೊರಗೆ ಹೋಗಿ ಮತ್ತೆ ಸೇರಿಕೊಳ್ಳಬಹುದಲ್ಲ’ ಎಂಬ ಮುಂದಿನ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಸಿಬ್ಬಂದಿ ಈ ಪ್ರಶ್ನೆ ಕೇಳಿದಾಗ ಎಷ್ಟೋ ಜನ ಮರ್ಯಾದೆಗೆ ‘ಹೂಂ, ನೋಡೋಣ’ ಎಂದುಬಿಡುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಿಮ್ಮ ಮಗುವಿಗೆ ಅದು ಯಾಕೆ ಒಗ್ಗುವುದಿಲ್ಲ ಎಂದು ಮೊದಲೇ ಯೋಚಿಸಿ ಬರೆದಿಟ್ಟುಕೊಳ್ಳಿ. ಒಗ್ಗುತ್ತದೆ ಎನ್ನುವುದಾದರೆ ನಿಮಗೆ ನಿಜವಾಗಿ ಬೇಕಿರುವುದು ಡಿಎಎಸ್ ಅಲ್ಲ, ಕ್ಯೂ ರೀ-ಎಂಟ್ರಿಯೇ ಇರಬಹುದು.

ಅಂಗಡಿ, ಮದುವೆ ಊಟದ ಪಂಕ್ತಿ, ವಿಮಾನ ನಿಲ್ದಾಣದ ತಪಾಸಣೆ, ದೇವಸ್ಥಾನದ ಸರದಿ ಇಂಥ ಕಡೆ ನಿಜವಾಗಿ ನಡೆದ ಎರಡು ಘಟನೆಗಳನ್ನು ನೆನಪಿಸಿಕೊಂಡು ಎರಡು ಸಾಲು ಬರೆಯಿರಿ. ಚಾಟ್ ಕನ್ನಡದಲ್ಲಿ ನಡೆಯುವುದಿಲ್ಲ, ಹಾಗಾಗಿ ಹಾಳೆಯನ್ನು ಇಂಗ್ಲಿಷ್‌ನಲ್ಲಿ ಬರೆದು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ‘ಹಟ ಮಾಡುತ್ತಾನೆ’ ಎನ್ನುವುದನ್ನು ಇಂಗ್ಲಿಷ್‌ಗೆ ತಂದರೆ ಅದು ಶಿಸ್ತಿನ ಸಮಸ್ಯೆಯ ಹಾಗೆ ಕೇಳುತ್ತದೆ. ಹಟ ಎನ್ನಬೇಡಿ, ಮಗುವಿನ ಮೈಕೈ ಏನು ಮಾಡುತ್ತದೆ ಎಂಬುದನ್ನು ಹೇಳಿ.

ಉತ್ಪ್ರೇಕ್ಷೆ ಬೇಡವೇ ಬೇಡ. ಸುಳ್ಳು ಹೇಳಿದ್ದು ಗೊತ್ತಾದರೆ ಪಾರ್ಕ್‌ಗೆ ಶಾಶ್ವತವಾಗಿ ಪ್ರವೇಶ ನಿಷೇಧಿಸುವ, ಟಿಕೆಟ್ ಮತ್ತು ವಾರ್ಷಿಕ ಪಾಸ್‌ಗಳನ್ನು ಹಣ ವಾಪಸಿಲ್ಲದೆ ರದ್ದು ಮಾಡುವ ಷರತ್ತು ನಿಯಮದಲ್ಲೇ ಇದೆ.

## ಹಂತ 4: ವಿಡಿಯೊ ಚಾಟ್

ಪ್ರವಾಸಕ್ಕೆ ಸುಮಾರು 30 ದಿನ ಇರುವಾಗ ಮಾಡಿ ಮುಗಿಸಿ. ಕೊನೆಯ ವಾರಕ್ಕೆ ಬಿಟ್ಟರೆ ಉತ್ತರ ‘ಇಲ್ಲ’ ಎಂದಾದಾಗ ಯೋಜನೆ ಬದಲಿಸಲು ಸಮಯವಿರುವುದಿಲ್ಲ.

ಬೇಕಾದದ್ದು: ಕ್ಯಾಮೆರಾ ಮತ್ತು ಮೈಕ್ ಇರುವ ಲ್ಯಾಪ್‌ಟಾಪ್ ಅಥವಾ ಮೊಬೈಲ್, ಬ್ರೌಸರ್‌ನಲ್ಲಿ ಎರಡಕ್ಕೂ ಅನುಮತಿ, ಚಾರ್ಜರ್, ಗಟ್ಟಿ ಇಂಟರ್‌ನೆಟ್, ಬರೆದಿಟ್ಟ ಹಾಳೆ. ಮಗು ಸ್ಥಳದಲ್ಲೇ ಇರಬೇಕು. ‘ಶಾಲೆಗೆ ಹೋಗಿದ್ದಾನೆ, ಫೋಟೊ ಕಳಿಸುತ್ತೇನೆ’ ಎನ್ನುವುದು ನಡೆಯುವುದಿಲ್ಲ. ಮಗು 18 ವರ್ಷದೊಳಗಿದ್ದರೆ ತಂದೆ, ತಾಯಿ ಅಥವಾ ಪೋಷಕರು ಮಾತಾಡುತ್ತಾರೆ. ಅದು ಕ್ಯಾಮೆರಾ ಮುಂದೆ ಬಂದು ಮುಖ ತೋರಿಸಿದರೆ ಸಾಕು, ಕೂತು ಉತ್ತರಿಸಬೇಕಿಲ್ಲ.

ಫ್ಲೋರಿಡಾ ಚಾಟ್ ಅಲ್ಲಿನ ಸಮಯ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ. ಬೆಂಗಳೂರಿನಿಂದಲೇ ಮಾಡುವವರಿಗೆ ಲೆಕ್ಕ: ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ನಮ್ಮ ಸಂಜೆ 4.30ಕ್ಕೆ ಶುರು, ಉಳಿದ ತಿಂಗಳಲ್ಲಿ 5.30ಕ್ಕೆ. ಶುರುವಾದ ಹೊತ್ತಿಗೇ ಕೂತುಬಿಡಿ. ತಡವಾದಷ್ಟೂ ಸರದಿ ಉದ್ದವಾಗುತ್ತದೆ.

1. ಡಿಸ್ನಿ ವೆಬ್‌ಸೈಟಿನ ಡಿಎಎಸ್ ಪುಟದಲ್ಲಿ ಲಾಗಿನ್ ಆಗಿ ಚಾಟ್ ಒತ್ತಿ. ಮೊದಲು ಟೈಪ್ ಮಾಡುವ ಚಾಟ್ ತೆರೆಯುತ್ತದೆ. ಕಾಯಬೇಕು, ಕೆಲವು ದಿನ ಗಂಟೆಗಟ್ಟಲೆ.

2. ಸರದಿ ಬಂದಾಗ ಸಿಬ್ಬಂದಿ (ಅಲ್ಲಿ ‘ಕಾಸ್ಟ್ ಮೆಂಬರ್’ ಎನ್ನುತ್ತಾರೆ) ನಮಸ್ಕಾರ ಹೇಳಿ ಟೈಪ್ ಮಾಡುತ್ತಾರೆ. ನೀವು ತಕ್ಷಣ ಉತ್ತರಿಸದಿದ್ದರೆ ಚಾಟ್ ಮುಚ್ಚಿ ಮತ್ತೆ ಮೊದಲಿನಿಂದ. ಕಾಫಿ ಮಾಡಲು ಎದ್ದು ಹೋಗಿ ಸರದಿ ಕಳೆದುಕೊಂಡವರು ಬಹಳ. ಸ್ಕ್ರೀನ್ ಮಲಗದಂತೆ, ಶಬ್ದ ಜೋರಾಗಿ ಇಟ್ಟು ಹತ್ತಿರವೇ ಇರಿ.

3. ಆಮೇಲೆ ವಿಡಿಯೊ. ಅಗತ್ಯ ಕಂಡರೆ ಇನ್‌ಸ್ಪೈರ್ ಹೆಲ್ತ್ ಅಲಯನ್ಸ್ ಸಂಸ್ಥೆಯ ಆರೋಗ್ಯ ವೃತ್ತಿಪರರೊಬ್ಬರನ್ನೂ ಮಾತಿಗೆ ಸೇರಿಸಿಕೊಳ್ಳುತ್ತಾರೆ. ಅವರು ಬಂದರು ಎಂದರೆ ನಿರಾಕರಣೆ ಎಂದು ಗಾಬರಿಯಾಗಬೇಡಿ. ಹಾಳೆಯಲ್ಲಿ ಇರುವುದನ್ನೇ, ಅದೇ ಕ್ರಮದಲ್ಲಿ ಮತ್ತೆ ಹೇಳಿ. ಮೊದಲು ಹತ್ತು ನಿಮಿಷ ಎಂದು, ಈಗ ಅರ್ಧ ಗಂಟೆ ಎಂದರೆ ಅನುಮಾನ ಬರುತ್ತದೆ.

4. ಒಪ್ಪಿಗೆಯಾದರೆ ಮಗುವಿನ ಫೋಟೊ ತೆಗೆದುಕೊಂಡು, ಷರತ್ತುಗಳನ್ನು ಓದಿ ಒಪ್ಪಿಸಿಕೊಳ್ಳುತ್ತಾರೆ. ಜೊತೆಗಿರುವವರ ಹೆಸರು ಸೇರಿತೇ ಎಂದು ಚಾಟ್ ಮುಚ್ಚುವ ಮೊದಲೇ ಕೇಳಿ, ಆ್ಯಪ್ ತೆರೆದು ಕಣ್ಣಾರೆ ನೋಡಿ. ಕೊನೆಯ ದಿನಾಂಕವನ್ನೂ ಬರೆದುಕೊಳ್ಳಿ. ಹೊಸ ನಿಯಮ ಬಂದಾಗ 120 ದಿನ ಇದ್ದ ಅವಧಿಯನ್ನು ಆಮೇಲೆ ಹೆಚ್ಚಿಸಿದ್ದಾರೆ. ಆದರೆ ನಿಮ್ಮ ಟಿಕೆಟ್ ಅವಧಿ ಅದಕ್ಕಿಂತ ಚಿಕ್ಕದಿದ್ದರೆ ಡಿಎಎಸ್ ಕೂಡ ಅಲ್ಲಿಗೇ ಮುಗಿಯುತ್ತದೆ.

ಈ ನೋಂದಣಿಗೆ ಒಂದು ಡಾಲರೂ ಖರ್ಚಿಲ್ಲ. ‘ನಾವು ಮಾಡಿಸಿಕೊಡುತ್ತೇವೆ’ ಎಂದು ದುಡ್ಡು ಕೇಳುವವರು ಸಿಕ್ಕರೆ ದೂರವಿರಿ. ಮಗುವೂ ನೀವೂ ಕ್ಯಾಮೆರಾ ಮುಂದೆ ಇರಲೇಬೇಕಾದ ಕೆಲಸವನ್ನು ಬೇರೆಯವರು ಮಾಡಿಕೊಡಲಾಗದು.

## ಹಂತ 5: ಉತ್ತರ ‘ಇಲ್ಲ’ ಎಂದಾದರೆ

ಚಾಟ್ ಮುಚ್ಚಬೇಡಿ, ದನಿಯನ್ನೂ ಏರಿಸಬೇಡಿ. ‘ಹಾಗಾದರೆ ನಮ್ಮ ಮಗುವಿಗೆ ಏನು ಕೊಡುತ್ತೀರಿ, ಪ್ರತಿ ಆಟದ ಬಾಗಿಲಲ್ಲಿ ಯಾರಿಗೆ ಏನು ಹೇಳಬೇಕು’ ಎಂದು ಕೇಳಿ ಬರೆದುಕೊಳ್ಳಿ. ದಿನಾಂಕ, ಸಮಯ, ಹೇಳಿದ ಕಾರಣ ಟಿಪ್ಪಣಿಯಲ್ಲಿರಲಿ, ಆಮೇಲೆ ದೂರು ಬರೆಯುವುದಾದರೆ ಬೇಕಾಗುತ್ತದೆ. ಸಾಲಿನ ತೊಂದರೆಯನ್ನು ನೀವು ಸರಿಯಾಗಿ ಹೇಳಿರಲಿಲ್ಲ ಎನಿಸಿದರೆ ಇನ್ನೊಂದು ದಿನ ಮತ್ತೆ ಚಾಟ್ ಮಾಡಬಹುದು. ಆದರೆ ಕಥೆ ಬದಲಿಸಿಕೊಂಡು ಹೋಗುವುದು ಅಪಾಯ.

ಡಿಎಎಸ್ ಇಲ್ಲದೆಯೂ ದಿನವನ್ನು ಉಳಿಸಿಕೊಳ್ಳಬಹುದು. ಪಾರ್ಕ್ ತೆರೆಯುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಗೇಟಿನಲ್ಲಿದ್ದು, ಮಗುವಿಗೆ ತುಂಬ ಇಷ್ಟವಾದ ಎರಡು ಆಟಗಳನ್ನು ಮೊದಲ ಗಂಟೆಯಲ್ಲೇ ಮುಗಿಸಿ. ಹೆಚ್ಚು ಸಾಲಿರುವ ಒಂದೆರಡಕ್ಕೆ ಮಾತ್ರ ಲೈಟ್ನಿಂಗ್ ಲೇನ್ ಕೊಳ್ಳಿ. ಮಧ್ಯಾಹ್ನ ಹೋಟೆಲ್‌ಗೆ ಹಿಂತಿರುಗಿ.

## ಹಂತ 6: ಪಾರ್ಕ್‌ನೊಳಗೆ ಸಮಯ ಪಡೆಯುವುದು

ಡಿಎಎಸ್ ಎಂದರೆ ಸಾಲು ತಪ್ಪಿಸುವ ಚೀಟಿ ಎಂದು ತಿಳಿದು ಹೋದವರಿಗೆ ನಿರಾಸೆಯಾಗುತ್ತದೆ. ಕಾಯುವುದು ಇದ್ದೇ ಇರುತ್ತದೆ, ಸಾಲಿನೊಳಗೆ ನಿಂತು ಕಾಯಬೇಕಿಲ್ಲ ಅಷ್ಟೆ. ಮುಂಗಡವಾಗಿ ಎರಡು ಆಟ ಕಾಯ್ದಿರಿಸುವ ಹಳೆಯ ಸವಲತ್ತನ್ನೂ 2024ರಲ್ಲಿ ತೆಗೆದಿದ್ದಾರೆ.

ಗೇಟಿನಲ್ಲಿ ಟಿಕೆಟ್ ಸ್ಕ್ಯಾನ್ ಆದ ಮೇಲೆ ಆ್ಯಪ್ ಮೆನುವಿನಲ್ಲಿ ಡಿಎಎಸ್ ತೆರೆದು ಆಟ ಆರಿಸಿ, ಬರುವವರ ಹೆಸರು ಗುರುತು ಮಾಡಿ, ಸಮಯ ಪಡೆಯಿರಿ. ಬೆಳಗ್ಗೆ 11ಕ್ಕೆ ಒಂದು ಆಟದ ಸಾಲು 70 ನಿಮಿಷ ಎಂದಿದ್ದರೆ ನಿಮಗೆ ಸುಮಾರು 12 ಗಂಟೆಯ ಸಮಯ ಸಿಗುತ್ತದೆ. ಒಮ್ಮೆಗೆ ಒಂದೇ ಸಮಯ. ಅದನ್ನು ಬಳಸಿದ ಮೇಲೆ ಅಥವಾ ರದ್ದು ಮಾಡಿದ ಮೇಲೆ ಇನ್ನೊಂದು.

ಸಮಯವಾದಾಗ ಲೈಟ್ನಿಂಗ್ ಲೇನ್ ಬಾಗಿಲಿಗೆ ಹೋಗಿ, ಎಲ್ಲರೂ ಸ್ಕ್ಯಾನ್ ಮಾಡಿ. ಮಗುವಿನ ಫೋಟೊ ಸಿಬ್ಬಂದಿಯ ಪರದೆಯಲ್ಲಿ ಕಾಣುತ್ತದೆ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಉಳಿದವರು ಆಡಿಬರುವಂತಿಲ್ಲ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರು ಹತ್ತಲೇಬೇಕು. ಇದನ್ನು ಮೀರಿದರೆ ಸೌಲಭ್ಯವೇ ಹೋಗಬಹುದು.

ಲೈಟ್ನಿಂಗ್ ಲೇನ್‌ನಲ್ಲೂ ಹತ್ತು-ಇಪ್ಪತ್ತು ನಿಮಿಷ ನಿಲ್ಲಬೇಕಾಗಬಹುದು, ರಜಾದಿನಗಳಲ್ಲಿ ಇನ್ನೂ ಹೆಚ್ಚು. ಹತ್ತು ನಿಮಿಷ ತಾಳದ ಮಗುವಿಗೆ ಇಲ್ಲಿಯೇ ಕಷ್ಟ. ಹೆಡ್‌ಫೋನ್, ಅಗಿಯುವ ಆಟಿಕೆ, ನೀರು ಸಾಲಿಗೆ ಹೋಗುವ ಮೊದಲೇ ಕೈಯಲ್ಲಿರಲಿ. ಪ್ರತಿ ಆಟದಲ್ಲಿ ಎಲ್ಲಿ ಕತ್ತಲೆ, ಎಲ್ಲಿ ಜೋರು ಸದ್ದು, ಎಲ್ಲಿ ಹೊಗೆ ಎಂದು ಡಿಸ್ನಿಯೇ ಪಟ್ಟಿ ಪ್ರಕಟಿಸಿದೆ, ಹಿಂದಿನ ರಾತ್ರಿ ಓದಿ. ಕಾಯುವ ಹೊತ್ತಿನಲ್ಲಿ ಊಟ ಮುಗಿಸುವುದು ಜಾಣತನ. ಹೊರಗಿನ ಆಹಾರ ಒಯ್ಯಲು ಅಡ್ಡಿಯಿಲ್ಲ, ಮೊಸರನ್ನದ ಡಬ್ಬಿ ಧಾರಾಳವಾಗಿ ನಡೆಯುತ್ತದೆ. ಗಾಜಿನ ಪಾತ್ರೆ ಮತ್ತು ಬಿಡಿ ಐಸ್ ಮಾತ್ರ ಬಿಡುವುದಿಲ್ಲ.

ದಣಿವಿನ ಸೂಚನೆಗಳು ಮಗುವಿನಿಂದ ಮಗುವಿಗೆ ಬೇರೆ: ಹಾಡುತ್ತಿದ್ದದ್ದು ನಿಲ್ಲುವುದು, ಕಿವಿ ಮುಚ್ಚುವುದು, ತುದಿಗಾಲಲ್ಲಿ ನಡೆಯುವುದು. ಕಂಡ ಕೂಡಲೇ ಪಡೆದ ಸಮಯವನ್ನು ಮರೆತು ಪಕ್ಕಕ್ಕೆ ಹೋಗಿ. ಡಿಎಎಸ್ ಸಮಯ ಶುರುವಾದ ಮೇಲೆ ಅದೇ ದಿನ ಎಷ್ಟು ತಡವಾಗಿ ಹೋದರೂ ನಡೆಯುತ್ತದೆ, ಓಡಬೇಕಿಲ್ಲ.

## ಹಂತ 7: ಅದೇ ಪ್ರವಾಸದಲ್ಲಿ ಯೂನಿವರ್ಸಲ್ ಇದ್ದರೆ

ಯೂನಿವರ್ಸಲ್ ಬೇರೆ ಕಂಪನಿಯ ಪಾರ್ಕ್, ಇಲ್ಲಿ ಲೆಕ್ಕ ಪೂರಾ ತಿರುಗುಮುರುಗು. ಡಿಸ್ನಿಗೆ ಬೇಡವಾದ ಕಾಗದಗಳೇ ಇಲ್ಲಿ ಬೇಕು. ಯೂನಿವರ್ಸಲ್ ಮತ್ತು ಸಿಕ್ಸ್ ಫ್ಲ್ಯಾಗ್ಸ್ ಪಾರ್ಕ್‌ಗಳು ಐಬಿಸಿಸಿಇಎಸ್ ಸಂಸ್ಥೆಯ ಆ್ಯಕ್ಸೆಸಿಬಿಲಿಟಿ ಕಾರ್ಡ್ ಕೇಳುತ್ತವೆ. ಅದು ಉಚಿತ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಮಗುವಿನ ಫೋಟೊ, ವೈದ್ಯರ ದಾಖಲೆ, ವೈದ್ಯರನ್ನು ಸಂಪರ್ಕಿಸುವ ವಿವರ ಹಾಕಬೇಕು.

ಕನಿಷ್ಠ 48 ಗಂಟೆ ಮೊದಲು ಅರ್ಜಿ ಹಾಕಿ ಎನ್ನುತ್ತಾರೆ. ಊರಿನಿಂದ ಬರುವವರು ಹದಿನೈದು ದಿನ ಮೊದಲೇ ಹಾಕಿಬಿಡಿ. ವೈದ್ಯರಿಂದ ಲೆಟರ್‌ಹೆಡ್ ಮೇಲೆ, ಇಂಗ್ಲಿಷ್‌ನಲ್ಲಿ, ಸಹಿ ಮತ್ತು ದಿನಾಂಕ ಇರುವ ಒಂದು ಪುಟ ಬರೆಸಿಕೊಂಡು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದು ಅಂಚು ಕತ್ತರಿಸಿಹೋದ ಫೋಟೊ ಹಾಕಿದರೆ ಅರ್ಜಿ ವಾಪಸ್ ಬರುತ್ತದೆ.

ಕಾರ್ಡ್ ಬಂದರೆ ಕೆಲಸ ಮುಗಿಯಲಿಲ್ಲ. ಯೂನಿವರ್ಸಲ್‌ನವರು ನಿಮ್ಮೊಡನೆ ಫೋನ್‌ನಲ್ಲಿ ಮಾತಾಡುತ್ತಾರೆ, ಹಾಗಾಗಿ ಅಮೆರಿಕದಲ್ಲಿ ನಡೆಯುವ ನಂಬರ್ ಕೊಡಿ. ಗೊತ್ತಿಲ್ಲದ ಕರೆ ಎಂದು ಕತ್ತರಿಸಬೇಡಿ. ಆಮೇಲೆ ಪಾರ್ಕ್‌ನ ಗೆಸ್ಟ್ ಸರ್ವೀಸಸ್‌ಗೆ ಹೋಗಿ ‘ಅಟ್ರಾಕ್ಷನ್ ಅಸಿಸ್ಟೆನ್ಸ್ ಪಾಸ್’ ಪಡೆಯಬೇಕು. ಆಟದ ಸಾಲು 30 ನಿಮಿಷಕ್ಕಿಂತ ಕಡಿಮೆಯಿದ್ದರೆ ಪಕ್ಕದ ದಾರಿಯಲ್ಲಿ ನೇರ ಬಿಡುತ್ತಾರೆ, ಹೆಚ್ಚಿದ್ದರೆ ಹಿಂತಿರುಗುವ ಸಮಯ ಕೊಡುತ್ತಾರೆ. ಕಾರ್ಡ್‌ನ ಪ್ರತಿಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ, ಒಂದು ಪ್ರಿಂಟ್ ಕೂಡ ತೆಗೆದಿಡಿ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ, ಫೋನ್ ಮಗುವಿನ ಕೈಯಲ್ಲಿರುತ್ತದೆ.